ಪ್ರೊಜೆಕ್ಟರ್ ಲ್ಯಾಂಪ್ ಹೋಯಿತು: ಹೊಸ ಲ್ಯಾಂಪ್ ಹಾಕಲಾ, ಲೇಸರ್‌ಗೆ ಹೋಗಲಾ?

ಮೈಸೂರು_ಮಹಡಿ:
ನಮ್ಮದು ಮಹಡಿ ಮೇಲಿನ ಕೋಣೆ, 100 ಇಂಚಿನ ಪರದೆ, 2017ರಲ್ಲಿ ತಗೊಂಡ ಲ್ಯಾಂಪ್ ಪ್ರೊಜೆಕ್ಟರ್. ಭಾನುವಾರ ಸಿನಿಮಾ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಎರಡೇ ನಿಮಿಷಕ್ಕೆ ಬಂತು, ನಾನು ತಕ್ಷಣ ಆನ್ ಮಾಡಿದೆ. ಹತ್ತಲಿಲ್ಲ. ಬಿಡದೆ ನಾಲ್ಕೈದು ಸಲ ಒತ್ತಿದೆ. ಈಗ ಕೆಂಪು ದೀಪ ಮಿನುಗುತ್ತದೆ ಅಷ್ಟೇ. ಅಂಗಡಿಯವರು "ಲ್ಯಾಂಪ್ ಕಾಲ ಮುಗೀತು ಸರ್, ಲೇಸರ್ ತಗೊಳ್ಳಿ, 20,000 ಗಂಟೆ ಬರುತ್ತೆ" ಅಂತಾರೆ. ತಮ್ಮ ಎಲ್‌ಇಡಿ ಸಾಕು ಅಂತಾನೆ. ನಾವು ನೋಡುವುದು ವಾರಕ್ಕೆ ಹತ್ತು ಗಂಟೆ, ಅದೂ ರಾತ್ರಿ ಹೊತ್ತು. ಹೋದ ತಿಂಗಳು ಮೆನುವಿನಲ್ಲಿ ಲ್ಯಾಂಪ್ 3,912 ಗಂಟೆ ತೋರಿಸುತ್ತಿತ್ತು. ಏನು ಮಾಡಲಿ?

ಕತ್ತಲೆಕೋಣೆ:
ತಕ್ಷಣ ಆನ್ ಮಾಡಿದ್ದು ತಪ್ಪು ಗುರು. ಆ ಲ್ಯಾಂಪ್ ಒಳಗಿರುವುದು ಪಾದರಸದ ಆವಿ, ಉರಿಯುವಾಗ ಒತ್ತಡ ಸುಮಾರು 200 ಪಟ್ಟು ಗಾಳಿಯ ಒತ್ತಡದಷ್ಟು ಇರುತ್ತದೆ. ಬಿಸಿ ಆರದೆ ಮತ್ತೆ ಕಿಡಿ ಹತ್ತುವುದಿಲ್ಲ. ಮೇಲಾಗಿ ಕರೆಂಟ್ ಹೋದಾಗ ಫ್ಯಾನೂ ನಿಂತಿತು, ಲ್ಯಾಂಪ್ ಆ ಬಿಸಿಯಲ್ಲೇ ಬೆಂದಿತು. ಆದರೂ ಅದರ ಆಯಸ್ಸು ಹೇಗೂ ಮುಗಿಯುತ್ತಾ ಬಂದಿತ್ತು, ಜಾಸ್ತಿ ಬೇಜಾರು ಮಾಡ್ಕೋಬೇಡಿ.

ಇನ್ನು 20,000 ಗಂಟೆ. ವಾರಕ್ಕೆ ಹತ್ತು ಗಂಟೆ ಲೆಕ್ಕ ಹಾಕಿ, 38 ವರ್ಷ ಆಗುತ್ತದೆ! ಅಷ್ಟು ಹೊತ್ತಿಗೆ ಎಚ್‌ಡಿಎಂಐ ಪಿನ್ನೇ ಇರುತ್ತೋ ಇಲ್ಲವೋ. ಲೇಸರ್‌ನ ಗಂಟೆ ಲೆಕ್ಕ ಕೂಡ ಬೆಳಕು ಅರ್ಧಕ್ಕೆ ಇಳಿಯುವವರೆಗೆ ಅಂತ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಲ್ಯಾಂಪ್ ಹೋದರೆ ನೀವೇ ಬದಲಿಸಬಹುದು, ವಾರಂಟಿ ಮುಗಿದ ಮೇಲೆ ಲೇಸರ್ ಕೆಟ್ಟರೆ ಒಳಗಿನ ಬೆಳಕು ಕೊಡುವ ಇಡೀ ಎಂಜಿನ್ ಬದಲಿಸಬೇಕು. ನಿಮ್ಮ ಕತ್ತಲೆ ಕೋಣೆಗೆ ಲ್ಯಾಂಪೇ ಸಾಕು. ಕಂಪನಿಯದ್ದೇ ತಗೊಳ್ಳಿ, ನಕಲಿ ಬೇಡ.

ಉಡುಪಿ_ಮಳೆ:
ಅಷ್ಟು ಸುಲಭಕ್ಕೆ ಲೇಸರ್ ತಳ್ಳಿಹಾಕಬೇಡಿ ಮಾರಾಯ್ರೆ. ಲ್ಯಾಂಪ್ ಮೊದಲ ಕೆಲವು ನೂರು ಗಂಟೆಯಲ್ಲೇ ಕಣ್ಣಿಗೆ ಕಾಣುವಷ್ಟು ಮಂಕಾಗುತ್ತದೆ, ದಿನಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ ಅಷ್ಟೇ. ನಾನು ಕಳೆದ ವರ್ಷ ಲೇಸರ್ ಫಾಸ್ಫರ್‌ಗೆ ಬದಲಾಯಿಸಿದೆ. ನೀಲಿ ಲೇಸರ್, ಅದು ಫಾಸ್ಫರ್ ಅನ್ನೋ ಹಳದಿ ಬಣ್ಣದ ಹೊಳೆಯುವ ಪುಡಿಗೆ ಬಡಿಯುತ್ತದೆ, ಅದರಿಂದ ಉಳಿದ ಬಣ್ಣ. ಮನೆಯ ಬಿಳಿ ಎಲ್‌ಇಡಿ ಬಲ್ಬಿನದ್ದೂ ಹೆಚ್ಚುಕಮ್ಮಿ ಇದೇ ಉಪಾಯ. ಕರೆಂಟ್ ಹೋಗಿ ಬಂದರೆ ಅರ್ಧ ನಿಮಿಷದಲ್ಲಿ ಚಿತ್ರ ಬರುತ್ತದೆ, ಆರುವವರೆಗೆ ಕಾಯುವ ಕೆಲಸ ಇಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಇದೇ ದೊಡ್ಡ ಸುಖ. ಹಗಲು ಕಿಟಕಿ ತೆರೆದು ಐಪಿಎಲ್ ನೋಡುವವರಿಗಂತೂ ಲೇಸರ್ರೇ ಸರಿ.

ಎಲ್‌ಇಡಿ ಬಗ್ಗೆ ಒಂದು ಮಾತು. ಬಣ್ಣ ಚಂದ, ಸದ್ದು ಕಡಿಮೆ, ಆದರೆ ಬೆಳಕು ಕಡಿಮೆ. ಡಬ್ಬದ ಮೇಲೆ ಬರೀ "ಲ್ಯೂಮೆನ್ಸ್" ಅಂತ ಐದಂಕಿ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ಸ್, ಅಂದರೆ ಮಾನದಂಡದ ಪ್ರಕಾರ ಅಳೆದ ಬೆಳಕು, ಎಷ್ಟು ಅಂತ ಕೇಳಿ. 100 ಇಂಚಿಗೆ ಸಣ್ಣ ಎಲ್‌ಇಡಿ ಸಾಲದು.

ಸುಮ್ನೆ_ನೋಡ್ತೀನಿ:
ಮೂರು ಬಣ್ಣದ ಲೇಸರ್ (ಫಾಸ್ಫರ್ ಇಲ್ಲದೆ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಲೇಸರ್) ಕಡೆ ಮನಸ್ಸು ಹೋದರೆ ಮೊದಲು ಕಣ್ಣಾರೆ ನೋಡಿ. ನಾನು ಅಂಗಡಿಯಲ್ಲಿ ಅರ್ಧ ಗಂಟೆ ಕೂತಿದ್ದೆ. ಕೆಂಪು ಅಂದರೆ ಹಣ್ಣಾದ ಬ್ಯಾಡಗಿ ಮೆಣಸಿನಕಾಯಿ ಕೆಂಪು, ಅದಕ್ಕೆ ಎರಡು ಮಾತಿಲ್ಲ. ಆದರೆ ಬಿಳಿ ಆಕಾಶ ಬಂದಾಗ ಅದರ ಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಮಿಣಮಿಣ, ತಲೆ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತದೆ. ಇದಕ್ಕೆ ಸ್ಪೆಕಲ್ ಅಂತಾರೆ. ಇನ್ನೊಂದು ತಮಾಷೆ, ಅದೇ ಬಿಳಿ ನನಗೆ ಸರಿ ಇತ್ತು, ಪಕ್ಕದಲ್ಲಿದ್ದ ಹೆಂಡತಿಗೆ ಗುಲಾಬಿ ಕಂಡಿತು. ಲೇಸರ್‌ನ ಒಂದೊಂದು ಬಣ್ಣದ ತರಂಗಾಂತರದ ಪಟ್ಟಿ ತೀರಾ ಕಿರಿದು, ಅದಕ್ಕೇ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ. ಆ ಬಣ್ಣ ಬಿಟಿ.2020 ಅನ್ನೋ ದೊಡ್ಡ ಬಣ್ಣದ ವ್ಯಾಪ್ತಿಯನ್ನು ಪೂರ್ತಿ ತಲುಪಿದರೂ ಈಗಿನ ಹೆಚ್ಚಿನ ಸಿನಿಮಾ ಪಿ3 ಅನ್ನೋ ಅದಕ್ಕಿಂತ ಚಿಕ್ಕ ವ್ಯಾಪ್ತಿಯ ಒಳಗೇ ಮುಗಿಯುತ್ತದೆ. ಮಿಕ್ಕಿದ್ದಕ್ಕೆ ಯಾಕೆ ದುಡ್ಡು ಅಂತ ವಾಪಸ್ ಬಂದೆ.

ಮೈಸೂರು_ಮಹಡಿ:
ಎಲ್ಲರಿಗೂ ಥ್ಯಾಂಕ್ಸ್. ಕಂಪನಿ ಲ್ಯಾಂಪ್ ತರಿಸಿದೆ, ಜೊತೆಗೆ ಒಂದು ಯುಪಿಎಸ್. ಸಿನಿಮಾ ಮುಂದುವರಿಸಲು ಅಲ್ಲ, ಕರೆಂಟ್ ಹೋದರೆ ಸರಿಯಾಗಿ ಆಫ್ ಮಾಡಿ ಫ್ಯಾನ್ ತಿರುಗಿಸಿ ಆರಿಸಲಿಕ್ಕೆ. ಈಗ ಮುಚ್ಚಳ ತೆಗೆದು ಕೂತಿದ್ದೇನೆ. ಲ್ಯಾಂಪಿನ ಸ್ಕ್ರೂ ಸುಮ್ನೆ ತಿರುಗುತ್ತಲೇ ಇದೆ, ಹೊರಗೆ ಬರುತ್ತಿಲ್ಲ. ಕೆಡಿಸಿದೆನಾ?

ಉಡುಪಿ_ಮಳೆ:
ಇಲ್ಲ ಮಾರಾಯ್ರೆ, ಅದು ಹೊರಗೆ ಬರುವ ಸ್ಕ್ರೂ ಅಲ್ಲ. ಸಡಿಲ ಆದರೆ ಸಾಕು. ಹಿಡಿಕೆ ಹಿಡಿದು ನೇರ ಎಳೆಯಿರಿ, ಹೊಸದರ ಗಾಜಿಗೆ ಬೆರಳು ತಾಗಿಸಬೇಡಿ. ಕೊನೆಗೆ ಮೆನುವಿನಲ್ಲಿ ಲ್ಯಾಂಪ್ ಗಂಟೆ ಸೊನ್ನೆ ಮಾಡಲು ಮರೆಯಬೇಡಿ.