ಮಾರಿಸ್ ಮೈನರ್: ಚಾರ್ಜ್ ದೀಪ ಆರುತ್ತಿಲ್ಲ, ಆರ್‌ಸಿಯಲ್ಲಿರುವ ವರ್ಷಕ್ಕೂ ಗಾಡಿಗೂ ತಾಳೆಯಾಗುತ್ತಿಲ್ಲ

ಮಲೆನಾಡ ಮೈನರ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಜ್ಜನ ಮಾರಿಸ್ ಮೈನರ್ ಕಾರನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ಕೈ ಹಾಕಿದ್ದೇನೆ. ನಾಲ್ಕು ಬಾಗಿಲಿನ ಗಾಡಿ, ಈಗ ಬಿಳಿ ಬಣ್ಣ. ಅಜ್ಜ ಡಾಕ್ಟರ್. ಎಡಿನ್‌ಬರ್ಗ್‌ನಲ್ಲಿ ಓದು ಮುಗಿಸಿ ಊರಿಗೆ ವಾಪಸ್ ಬರುವಾಗ ಹಡಗಿನಲ್ಲಿ ಬೊಂಬಾಯಿಗೆ ತರಿಸಿದ್ದು ಇದನ್ನು. 22 ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಹೋದ ತಿಂಗಳು ಎಂಜಿನ್ ಸ್ಟಾರ್ಟ್ ಆದಾಗ ಮನೆಮಂದಿಯೆಲ್ಲ ಅಂಗಳಕ್ಕೆ ಓಡಿ ಬಂದರು. ಅಜ್ಜಿಯಂತೂ ಬಾನೆಟ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತುಬಿಟ್ಟರು.

ಈಗ ಎರಡು ತೊಡಕು ಎದುರಾಗಿವೆ.

ಮೊದಲನೆಯದು, ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜ್ ದೀಪ ಆರುವುದೇ ಇಲ್ಲ. ಹೊಸ ಬ್ಯಾಟರಿ ಎರಡು ದಿನದಲ್ಲಿ ಖಾಲಿಯಾಗುತ್ತದೆ. ಇಲ್ಲಿನ ಎಲೆಕ್ಟ್ರಿಷಿಯನ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಸುಟ್ಟಿದೆ, ತೆಗೆದು ಅಲ್ಟರ್ನೇಟರ್ ಹಾಕಿಬಿಡಿ ಅನ್ನುತ್ತಾರೆ. ನನಗೆ ಮನಸ್ಸಿಲ್ಲ.

ಎರಡನೆಯದು, ಆರ್‌ಸಿಯಲ್ಲಿ 1957ರ ಮಾಡೆಲ್ ಎಂದಿದೆ. ಅದನ್ನೇ ನಂಬಿ ಇಂಗ್ಲೆಂಡಿನಿಂದ 1957ರ ಮುಂದಿನ ಗಾಜಿನ ಬೀಡಿಂಗ್ ತರಿಸಿದೆ. ಬಂದದ್ದು ಒಂದೇ ಅಗಲ ಗಾಜಿಗೆ ಕೂರುವ ಬೀಡಿಂಗ್. ನನ್ನ ಗಾಡಿಯಲ್ಲಿ ಗಾಜು ಎರಡು ತುಂಡು, ನಡುವೆ ಪಟ್ಟಿ. ದುಡ್ಡು ಹೋಯಿತು. 1957ರಲ್ಲಿ ಅಜ್ಜನ ಮದುವೆಯಾಯಿತು, ಇದೇ ಗಾಡಿಯಲ್ಲಿ ತನ್ನನ್ನು ಮನೆ ತುಂಬಿಸಿಕೊಂಡರು ಅಂತ ಅಜ್ಜಿ ಖಚಿತವಾಗಿ ಹೇಳುತ್ತಾರೆ. ಹಾಗಾದರೆ ಆರ್‌ಸಿ ತಪ್ಪೋ, ಗಾಜು ಯಾರೋ ಬದಲಾಯಿಸಿದ್ದೋ? ಬಲ್ಲವರು ದಯವಿಟ್ಟು ತಿಳಿಸಿ.

ಹಳೇಗಾಡಿ ಮೈಸೂರು

ಡೈನಮೊ ಬಿಚ್ಚಿಸಬೇಡಿ. ಮೊದಲು ಇಷ್ಟು ನೋಡಿ ಹೇಳಿ.

ಬ್ಯಾಟರಿಯ ಯಾವ ತುದಿ ಗಾಡಿಯ ಲೋಹದ ಬಾಡಿಗೆ ಕೂತಿದೆ, ಪ್ಲಸ್ಸೋ ಮೈನಸ್ಸೋ? ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಡುವೆ ಇದೆಯೋ, ಸ್ಟೀರಿಂಗ್ ಮುಂದೆಯೋ? ಮುಂದಿನ ಗ್ರಿಲ್ ಪಟ್ಟಿಗಳು ಅಡ್ಡಕ್ಕೆ ಇವೆಯೋ, ಜಾಲರಿಯಂತೆ ಇದೆಯೋ? ಬಾನೆಟ್ ಎತ್ತಿದರೆ ಒಳಗಿನ ತಗಡಿನ ಮೇಲೆ ಚಾಸಿ ನಂಬರಿನ ಫಲಕ ಕಾಣುತ್ತದೆ. ಅದರ ಮೊದಲ ಮೂರು ಅಕ್ಷರ, ಎರಡು ಅಂಕಿ ಸಾಕು. ಪೂರ್ತಿ ನಂಬರ್ ಎಲ್ಲರ ಮುಂದೆ ಹಾಕಬೇಡಿ. ಎಂಜಿನ್ ನಂಬರ್ ಹೇಗೆ ಶುರುವಾಗುತ್ತದೆ ಅಂತಲೂ ಬರೆಯಿರಿ. ಡೈನಮೊ ಮೈ ಮೇಲೆ ಸಣ್ಣ ಅಂಕಿ ಕೆತ್ತಿರುತ್ತಾರೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಕಾಣುತ್ತದೆ.

ಗಾಜು ಬದಲಾಗಿರುವ ಸಾಧ್ಯತೆ ಕಡಿಮೆ. ಎರಡು ತುಂಡಿನ ಗಾಜಿಗೂ ಒಂದೇ ಗಾಜಿಗೂ ಬಾಡಿಯ ಚೌಕಟ್ಟೇ ಬೇರೆ. 1956ರ ಅಕ್ಟೋಬರಿನಲ್ಲಿ ಮೈನರ್ 1000 ಬಂದಾಗ ಒಂದೇ ಗಾಜು ಬಂತು. ನಿಮ್ಮದು ಅದಕ್ಕಿಂತ ಹಿಂದಿನ ಬಾಡಿ. ಇಷ್ಟನ್ನು ಈಗಲೇ ಹೇಳಬಲ್ಲೆ.

ಮಲೆನಾಡ ಮೈನರ್, ಶಿವಮೊಗ್ಗ

ಸರ್, ಇಡೀ ಭಾನುವಾರ ಇದರಲ್ಲೇ ಕಳೆಯಿತು. ಮೈನಸ್ ಬಾಡಿಗೆ ಕೂತಿದೆ. ಸ್ಪೀಡೋಮೀಟರ್ ನಡುವೆ ಇದೆ, ಎರಡೂ ಪಕ್ಕ ತೆರೆದ ಗೂಡುಗಳು. ಗ್ರಿಲ್ ಅಡ್ಡ ಪಟ್ಟಿಯದು. ಬಾಗಿಲುಗಳ ನಡುವಿನ ಕಂಬದಿಂದ ಹೊರಗೆ ಚಾಚುವ ಪುಟ್ಟ ಸಿಗ್ನಲ್ ಕೈಗಳೂ ಇವೆ. ಬಲಗಡೆಯದು ಕೆಲಸ ಮಾಡುತ್ತದೆ, ಎಡಗಡೆಯದು ಇಲ್ಲ.

ಚಾಸಿ ನಂಬರ್ ಎಫ್ಎಇ 13 ಎಂದು ಶುರು. ಎಂಜಿನ್ ನಂಬರ್ 10ಎಂಎ ಎಂದು ಶುರು. ಡೈನಮೊ ಮೇಲೆ 7 55 ಎಂದಿದೆ. ಗೇರ್‌ಬಾಕ್ಸಿನ ಹೊರಮೈ ಏಣುಏಣಾಗಿದೆ, ಅದೂ ಬೇಕಾಗಬಹುದು ಅಂತ ಬರೆದೆ.

ಹಳೇಗಾಡಿ ಮೈಸೂರು

ಗೇರ್‌ಬಾಕ್ಸ್ ನೋಡಿದ್ದು ಬಹಳ ಒಳ್ಳೆಯದಾಯಿತು. ಈಗ ಗಾಡಿಯೇ ಮಾತಾಡುತ್ತಿದೆ, ಒಂದೊಂದಾಗಿ ಕೇಳಿಸಿಕೊಳ್ಳೋಣ.

ಚಾಸಿ ನಂಬರಿನ ಮೊದಲ ಅಕ್ಷರ ಎಫ್ ಅಂದರೆ ಮೈನರ್. ಎ ಅಂದರೆ ನಾಲ್ಕು ಬಾಗಿಲು. ಇ ಅಂದರೆ ಹಸಿರು ಬಣ್ಣ. ಅಂಕಿ 1 ಅಂದರೆ ಬ್ರಿಟನ್ನಿನಲ್ಲೇ ಮಾರಾಟಕ್ಕೆ ಮಾಡಿದ, ಬಲಗಡೆ ಸ್ಟೀರಿಂಗಿನ ಗಾಡಿ. ರಫ್ತಿನ ಗಾಡಿಯಾಗಿದ್ದರೆ ಅಲ್ಲಿ 2 ಇರುತ್ತಿತ್ತು. ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದು ಹೊರದೇಶದಲ್ಲಿ ಜೋಡಣೆಯಾದದ್ದಕ್ಕೆ 5. ಕೊನೆಯ 3 ಅಂದರೆ ಸೆಲ್ಯುಲೋಸ್ ಪೇಂಟ್. ಅಂದರೆ ನಿಮ್ಮಜ್ಜ ಅಲ್ಲಿಯ ಅಂಗಡಿಯಲ್ಲಿದ್ದ ಗಾಡಿಯನ್ನು ಅಲ್ಲೇ ಕೊಂಡು, ಓಡಿಸಿ, ಆಮೇಲೆ ತಂದಿದ್ದಾರೆ. ಮನೆಯವರ ಮಾತಿಗೂ ಇದಕ್ಕೂ ಸರಿಯಾಗಿ ಕೂಡುತ್ತದೆ.

ನಡುವಿನ ಸ್ಪೀಡೋಮೀಟರ್, ಅಡ್ಡ ಪಟ್ಟಿಯ ಗ್ರಿಲ್ ಎರಡೂ ಬಂದದ್ದು 1954ರ ಅಕ್ಟೋಬರಿನಲ್ಲಿ. ಎರಡು ತುಂಡಿನ ಗಾಜು ಹೋದದ್ದು 1956ರ ಅಕ್ಟೋಬರಿನಲ್ಲಿ. ಹಾಗಾಗಿ ಗಾಡಿ ಹುಟ್ಟಿದ್ದು ಈ ಎರಡು ವರ್ಷದ ಒಳಗೆ. ಡೈನಮೊ ಮೇಲಿನ 7 ಲ್ಯೂಕಾಸ್ ಕಂಪನಿ ಹಾಕಿದ ತಿಂಗಳು, 55 ವರ್ಷ. ಆ ಡೈನಮೊ ಗಾಡಿಯ ಜೊತೆಗೇ ಬಂದದ್ದಾದರೆ 1955ರ ನಡುಭಾಗದ ನಂತರದ ಗಾಡಿ. ಆದರೆ ಒಂದು ಬಿಡಿಭಾಗದ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಡೈನಮೊ, ಡಿಸ್ಟ್ರಿಬ್ಯೂಟರ್, ವೈಪರ್ ಮೋಟಾರ್ ಇವೆಲ್ಲ ಯಾವಾಗ ಬೇಕಾದರೂ ಬದಲಾಗುವ ಸಾಮಾನು. ಮೂರ್ನಾಲ್ಕು ಕಡೆ ಒಂದೇ ವರ್ಷ ಸಿಕ್ಕಿದರೆ ಮಾತ್ರ ತೂಕ. ಗಾಜಿನ ಮೂಲೆಯಲ್ಲಿ ಟ್ರಿಪ್ಲೆಕ್ಸ್ ಎಂಬ ಗಾಜಿನ ಕಂಪನಿಯ ಮುದ್ರೆ ಇದ್ದರೆ ಅದರ ಅಕ್ಷರಗಳ ಹತ್ತಿರ ಸಣ್ಣ ಚುಕ್ಕಿಗಳಿರುತ್ತವೆ. ಅವೂ ತಯಾರಾದ ಕಾಲ ಹೇಳುತ್ತವೆ. ಫೋಟೊ ತೆಗೆದು ಇಟ್ಟುಕೊಳ್ಳಿ.

ಆರ್‌ಸಿಯ 1957 ಎಲ್ಲಿಂದ ಬಂತು? ಹೊರಗಿನಿಂದ ಬಂದ ಗಾಡಿಗಳಿಗೆ ಇಲ್ಲಿ ಮೊದಲು ರಿಜಿಸ್ಟರ್ ಆದ ವರ್ಷವನ್ನೇ ಮಾಡೆಲ್ ಎಂದು ಬರೆದಿರುವುದನ್ನು ನಾನು ಹಲವು ಆರ್‌ಸಿಗಳಲ್ಲಿ ನೋಡಿದ್ದೇನೆ. ನಿಮ್ಮಜ್ಜಿಯ ಮಾತೂ ಸರಿ. ಗಾಡಿ ಮನೆಗೆ ಬಂದದ್ದು 1957ರಲ್ಲೇ.

ಇನ್ನು ಎಂಜಿನ್. 10ಎಂಎ ಅಂದರೆ 1098 ಸಿಸಿ. ಅದು ಮೈನರಿಗೆ ಬಂದದ್ದೇ 1962ರಲ್ಲಿ. ನಿಮ್ಮ ಗಾಡಿಗೆ ಕಾರ್ಖಾನೆಯಲ್ಲಿ ಕೂರಿಸಿದ್ದು 803 ಸಿಸಿ ಎಂಜಿನ್. ಏಣಿರುವ ಗೇರ್‌ಬಾಕ್ಸೂ 1098ರದ್ದೇ. ಯಾವಾಗಲೋ ಎರಡನ್ನೂ ಜೊತೆಯಾಗಿ ಬದಲಾಯಿಸಿದ್ದಾರೆ. ಇದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ, ಘಾಟಿ ಹತ್ತಲು 803ಕ್ಕಿಂತ ಇದು ಎಷ್ಟೋ ವಾಸಿ. ಆದರೆ ಸಾಮಾನು ತರಿಸುವಾಗ ಹುಷಾರಾಗಿರಿ. ಬಾಡಿ, ಗಾಜು, ಬೀಡಿಂಗ್, ಡ್ಯಾಶ್‌ಬೋರ್ಡ್ ಎಲ್ಲಕ್ಕೂ ಸೀರೀಸ್ 2 (ಮೈನರ್ 1000ಕ್ಕೆ ಹಿಂದಿನ ಮಾಡೆಲ್), 1955 ಅನ್ನಿ. ಎಂಜಿನ್, ಕ್ಲಚ್, ಗೇರ್‌ಬಾಕ್ಸಿಗೆ 1098 ಅನ್ನಿ. ಕ್ಲಚ್ ಪ್ಲೇಟ್ ಹಳೆಯ ಎಂಜಿನ್ನಿನದು ಆರೂಕಾಲು ಇಂಚು, ಇದರದ್ದು ಏಳೂಕಾಲು. ವರ್ಷ ಹೇಳಿ ತರಿಸಿದರೆ ಮತ್ತೆ ದುಡ್ಡು ದಂಡ.

ಈಗ ಚಾರ್ಜ್ ದೀಪಕ್ಕೆ ಬರುತ್ತೇನೆ. ಆ ಕಾಲದ ಮೈನರಿನಲ್ಲಿ ಪ್ಲಸ್ ತುದಿ ಬಾಡಿಗೆ ಹೋಗುತ್ತದೆ. ಈಗಿನ ಗಾಡಿಗಳ ರೂಢಿಯಲ್ಲಿ ನಿಮ್ಮ ಎಲೆಕ್ಟ್ರಿಷಿಯನ್ ಮೈನಸ್ ಹಾಕಿದ್ದಾರೆ. ದೀಪ ಉರಿಯುತ್ತದೆ, ಸ್ಟಾರ್ಟರ್ ತಿರುಗುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಡೈನಮೊ ಮಾತ್ರ ತನ್ನೊಳಗೆ ಉಳಿದಿರುವ ಹಳೆಯ ಅಯಸ್ಕಾಂತದ ದಿಕ್ಕಿನಲ್ಲೇ ಕರೆಂಟ್ ಮಾಡಲು ನೋಡುತ್ತದೆ. ಅದು ಬ್ಯಾಟರಿಗೆ ಉಲ್ಟಾ ಆಗುತ್ತದೆ. ಮೂಲದಲ್ಲಿದ್ದ ಹಾಗೇ ಮಾಡುವುದು ನನ್ನ ಸಲಹೆ.

ಬ್ಯಾಟರಿ ಬಿಚ್ಚಿ, ಪ್ಲಸ್ ಅನ್ನು ಬಾಡಿಗೆ ಕೊಡಿ. ಮೊಬೈಲ್ ಚಾರ್ಜರ್, ಎಲ್ಇಡಿ ದೀಪ ಏನಾದರೂ ಹೊಸದಾಗಿ ಹಾಕಿದ್ದರೆ ಮೊದಲೇ ತೆಗೆದುಬಿಡಿ, ಸುಟ್ಟುಹೋಗುತ್ತವೆ. ಇಗ್ನಿಷನ್ ಕಾಯಿಲ್ ಹೊಸದಾದರೆ ಅದರ ಪ್ಲಸ್ ತುದಿ ಡಿಸ್ಟ್ರಿಬ್ಯೂಟರಿಗೆ ಹೋಗುವಂತೆ ವೈರ್ ಅದಲುಬದಲು ಮಾಡಿ. ಆಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ, ಡೈನಮೊದ ಸಣ್ಣ ಟರ್ಮಿನಲ್ ಎಫ್‌ನ ವೈರ್ ತೆಗೆಯಿರಿ. ಬ್ಯಾಟರಿಯ ಮೈನಸ್ ತುದಿಯಿಂದ ಒಂದು ವೈರ್ ತಂದು ಆ ಎಫ್‌ಗೆ ಎರಡು ಮೂರು ಸಲ ಮುಟ್ಟಿಸಿ ಬಿಡಿ. ಸಣ್ಣ ಕಿಡಿ ಬರುತ್ತದೆ, ಹೆದರಬೇಡಿ. ಅಷ್ಟಕ್ಕೆ ಡೈನಮೊ ದಿಕ್ಕು ಹಿಡಿಯುತ್ತದೆ.

ನಂತರ ಪರೀಕ್ಷೆ. ಡೈನಮೊದ ದೊಡ್ಡ ಟರ್ಮಿನಲ್ ಡಿ, ಸಣ್ಣದು ಎಫ್, ಎರಡರ ವೈರ್ ಬಿಚ್ಚಿ, ಎಂಜಿನ್ ನಿಧಾನವಾಗಿ ಓಡಿಸಿ, ಡಿ ಮತ್ತು ಬಾಡಿ ನಡುವೆ ವೋಲ್ಟ್ ನೋಡಿ. ಎರಡು ಮೂರು ವೋಲ್ಟ್ ಬರಬೇಕು. ಎಂಜಿನ್ ನಿಲ್ಲಿಸಿ, ಡೈನಮೊದ ಡಿ, ಎಫ್ ಎರಡನ್ನೂ ತುಂಡು ವೈರಿನಿಂದ ಸೇರಿಸಿ ಮತ್ತೆ ನೋಡಿ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟರೆ ವೋಲ್ಟ್ ಸರಸರ ಏರಬೇಕು. 20 ಮುಟ್ಟಲು ಬಿಡಬೇಡಿ. ಏರಿದರೆ ನಿಮ್ಮ ಡೈನಮೊ ಗಟ್ಟಿಯಾಗಿದೆ ಅಂತ ಅರ್ಥ.

ಮಲೆನಾಡ ಮೈನರ್, ಶಿವಮೊಗ್ಗ

ಸರ್, ಅರ್ಧ ಗೆದ್ದೆ. ಮೊದಲ ಪರೀಕ್ಷೆಯಲ್ಲಿ 2.1 ವೋಲ್ಟ್ ಬಂತು. ಎರಡನೆಯದರಲ್ಲಿ 18ರ ತನಕ ಏರಿತು, ಅಲ್ಲೇ ನಿಲ್ಲಿಸಿದೆ. ಡೈನಮೊ ಸುಟ್ಟಿಲ್ಲ!

ಆದರೆ ಎಲ್ಲ ವೈರ್ ವಾಪಸ್ ಹಾಕಿದ ಮೇಲೂ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ದೀಪ ಈಗ ಬೇರೆ ಥರ ಆಡುತ್ತದೆ. ಎಂಜಿನ್ ವೇಗ ಹೆಚ್ಚಿಸಿದರೆ ಮಂಕಾಗಿ ಆರುತ್ತದೆ. ಇನ್ನೂ ಹೆಚ್ಚಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಹಳೇಗಾಡಿ ಮೈಸೂರು

ನೀವು ಗಮನಿಸಿದ ಆ ಒಂದು ವಿಷಯವೇ ಉತ್ತರ. ದೀಪ ಇರುವುದು ಬ್ಯಾಟರಿಗೂ ಡೈನಮೊಗೂ ನಡುವೆ. ಎರಡೂ ಕಡೆ ವೋಲ್ಟ್ ಸಮನಾದಾಗ ಆರುತ್ತದೆ. ಡೈನಮೊ ಇನ್ನೂ ಮೇಲೆ ಹೋದರೆ ಮತ್ತೆ ಉರಿಯುತ್ತದೆ. ಅಂದರೆ ಕಂಟ್ರೋಲ್ ಬಾಕ್ಸಿನೊಳಗಿನ ಕಟೌಟ್ (ಡೈನಮೊವನ್ನು ಬ್ಯಾಟರಿಗೆ ಜೋಡಿಸುವ ಸ್ವಿಚ್) ಮುಚ್ಚಿಕೊಳ್ಳುತ್ತಿಲ್ಲ, ವೋಲ್ಟ್ ಮಿತಿಯಲ್ಲಿಡುವ ರೆಗ್ಯುಲೇಟರ್ ತಡೆಯುತ್ತಲೂ ಇಲ್ಲ. ಎರಡೂ ಒಟ್ಟಿಗೆ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಬಾಕ್ಸಿನ ಇ ಟರ್ಮಿನಲ್, ಅದರ ಅರ್ತ್. ಗಾಡಿಗೆ ಹೊಸ ಪೇಂಟ್ ಮಾಡಿಸುವಾಗ ಬಾನೆಟ್ ಒಳಗೂ ಹೊಡೆಸಿದ್ದೀರಾ?

ಮಲೆನಾಡ ಮೈನರ್, ಶಿವಮೊಗ್ಗ

ಹೌದು ಸರ್! ಹೊಡೆಸಿದ್ದೆ. ಇ ಟರ್ಮಿನಲ್ಲಿನ ವೈರ್ ಬಾಡಿಗೆ ಕೂರುವ ಸ್ಕ್ರೂ ಕೆಳಗೆ ದಪ್ಪಗೆ ಬಿಳಿ ಪೇಂಟ್ ಇತ್ತು. ಎಮರಿ ಶೀಟಿನಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದೆ. ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ, ದೀಪ ಟಕ್ ಅಂತ ಆರಿತು. ಬ್ಯಾಟರಿಯಲ್ಲಿ 14.1 ವೋಲ್ಟ್. ಆರಿದ್ದು ಆರಿದ ಹಾಗೇ ಇದೆ. ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಪೇಂಟ್ ಉಜ್ಜುವಾಗ ಇನ್ನೊಂದು ಕಂಡಿತು. ಬಿಳಿಯ ಕೆಳಗೆ ಕಡು ಹಸಿರು. ಡ್ಯಾಶ್‌ಬೋರ್ಡಿನ ಗೂಡಿನ ಹಿಂದೆ ಕೈ ಹಾಕಿ ಟಾರ್ಚ್ ಬಿಟ್ಟರೆ ಅಲ್ಲಿ ಹಸಿರು ಹಾಗೇ ಉಳಿದಿದೆ.

ಕವೆಂಟ್ರಿ ಕನ್ನಡಿಗ

ಇಲ್ಲಿಯವರೆಗೆ ಓದುತ್ತ ಕೂತಿದ್ದೆ, ತಡೆಯಲಾಗದೆ ಬರೆಯುತ್ತಿದ್ದೇನೆ. ಸಹೋದರ, ನಿಮ್ಮ ಗಾಡಿಯ ಹುಟ್ಟಿದ ದಿನ ಊಹಿಸಬೇಕಾಗಿಲ್ಲ, ದಾಖಲೆಯೇ ಸಿಗುತ್ತದೆ. ಗೇಡನ್ ಎಂಬಲ್ಲಿ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇದೆ. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಮಾರಿಸ್ ಕಾರ್ಖಾನೆಯ ತಯಾರಿಕೆಯ ದಾಖಲೆಗಳು ಅವರಲ್ಲಿವೆ. ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ತಯಾರಾದ ದಿನ, ಮೂಲ ಬಣ್ಣ, ಮೂಲ ಎಂಜಿನ್ ನಂಬರ್, ಯಾವ ಡೀಲರಿಗೆ ಹೋಯಿತು, ಇಂಥ ವಿವರ ಅದರಲ್ಲಿರುತ್ತದೆ.

ಮನೆಯಲ್ಲಿ ಅಜ್ಜನ ಹಳೆಯ ಫೋಟೊ ಇದ್ದರೆ ಬ್ರಿಟನ್ನಿನ ನಂಬರ್ ಪ್ಲೇಟ್ ಹುಡುಕಿ. ಆಗಿನ ಮೂರಕ್ಷರದ ನಂಬರಿನಲ್ಲಿ ಕೊನೆಯ ಎರಡು ಅಕ್ಷರ ಊರನ್ನು ಹೇಳುತ್ತವೆ. ಎಸ್ಎಫ್, ಎಸ್‌ಜಿ, ಡಬ್ಲ್ಯೂಎಸ್, ಎಫ್ಎಸ್ ಇವೆಲ್ಲ ಎಡಿನ್‌ಬರ್ಗ್‌ನವು.

ಹಳೇಗಾಡಿ ಮೈಸೂರು

ಸರ್ಟಿಫಿಕೇಟ್ ಖಂಡಿತ ತರಿಸಿ. ಆರ್‌ಸಿಯ ವರ್ಷ ತಿದ್ದಿಸಲು ಆರ್‌ಟಿಒಗೆ ಅರ್ಜಿ ಕೊಡುವಾಗ ಕೈಯಲ್ಲಿ ಒಂದು ಆಧಾರ ಇರುತ್ತದೆ. 2021ರ ವಿಂಟೇಜ್ ನಿಯಮದಲ್ಲಿ ವಿಎ ನಂಬರ್ (ಹಳೆಯ ಗಾಡಿಗಳ ವಿಶೇಷ ನಂಬರ್) ಪಡೆಯುವ ಯೋಚನೆ ಇದ್ದರೆ, ಅಲ್ಲಿ 50 ವರ್ಷ ಎಣಿಸುವುದು ಮೊದಲ ರಿಜಿಸ್ಟ್ರೇಷನ್ನಿನಿಂದ. ಹೊಸದಾಗಿ ಮಾಡಿಸಲು 20,000 ರೂಪಾಯಿ ಶುಲ್ಕ. ಗಾಡಿ ಮೂಲ ರೂಪದಲ್ಲಿರಬೇಕು ಎಂಬ ಷರತ್ತಿದೆ, ಎಂಜಿನ್ ಬದಲಾದದ್ದನ್ನು ಮುಚ್ಚಿಡದೆ ಮೊದಲೇ ಹೇಳಿ ಕೇಳಿ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ರಸ್ತೆಗೆ ಇಳಿಸುವ ಮುಂಚೆ ಮುಂದಿನ ಚಕ್ರದ ತಿರುಗು ಕೀಲುಗಳಾದ ಟ್ರನಿಯನ್‌ಗಳಿಗೆ, ಮೇಲೆ ಕೆಳಗೆ ಎರಡಕ್ಕೂ, ಗ್ರೀಸ್ ತುಂಬಿಸಿ. 22 ವರ್ಷ ನಿಂತ ಗಾಡಿಯಲ್ಲಿ ಅವು ಒಣಗಿರುತ್ತವೆ. ಅಲ್ಲಿಯ ಥ್ರೆಡ್ ಸವೆದರೆ ಓಡುವಾಗಲೇ ಚಕ್ರ ಮಡಚಿಕೊಂಡು ಬೀಳುತ್ತದೆ. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಸಡಿಲ ಕಂಡರೆ ಓಡಿಸಲೇಬೇಡಿ.

ಮಲೆನಾಡ ಮೈನರ್, ಶಿವಮೊಗ್ಗ

ಏಳು ವಾರದ ನಂತರ ಬರೆಯುತ್ತಿದ್ದೇನೆ. ಸರ್ಟಿಫಿಕೇಟ್ ಬಂತು. ತಯಾರಾದದ್ದು 1955ರ ಆಗಸ್ಟ್. ಬಣ್ಣ ಎಂಪೈರ್ ಗ್ರೀನ್. ಹೋದದ್ದು ಎಡಿನ್‌ಬರ್ಗ್‌ನ ಡೀಲರಿಗೆ. ಡೈನಮೊ ಮೇಲಿನ 7 55 ಸರಿಯಾಗಿ ಕೂಡಿತು. ಟ್ರಂಕಿನಲ್ಲಿ ಫೋಟೊ ಕೂಡ ಸಿಕ್ಕಿತು. ಮಂಜಿನಲ್ಲಿ ಕೋಟು ಹಾಕಿ ನಿಂತ ಅಜ್ಜ, ಹಿಂದೆ ಈ ಗಾಡಿ. ನಂಬರಿನ ಕೊನೆಗೆ ಡಬ್ಲ್ಯೂಎಸ್.

ಅಜ್ಜಿಗೆ ಓದಿ ಹೇಳಿದೆ. “ಹಾಗಾದರೆ ನನಗಿಂತ ಎರಡು ವರ್ಷ ಮೊದಲೇ ಅವರ ಜೊತೆಗಿತ್ತು” ಅಂದರು. ಬಿಳಿ ತೆಗೆಸಿ ಹಸಿರೇ ಹೊಡೆಸುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಅರ್ತ್ ಜಾಗಗಳಿಗೆ ಟೇಪ್ ಅಂಟಿಸಿಯೇ ಪೇಂಟಿಗೆ ಕೊಡುತ್ತೇನೆ. ಬಲಗಡೆಯ ಕೆಳಗಿನ ಟ್ರನಿಯನ್ ಸಡಿಲ ಇತ್ತು, ಹೊಸದು ತರಿಸಿದ್ದೇನೆ. ಎಡಗಡೆಯ ಸಿಗ್ನಲ್ ಕೈ ಮಾತ್ರ ಇನ್ನೂ ಹೊರಗೆ ಬರುತ್ತಿಲ್ಲ. ಸ್ವಿಚ್ ಒತ್ತಿದರೆ ಒಳಗೆ ಟಿಕ್ ಅನ್ನುತ್ತದೆ ಅಷ್ಟೇ.

ಹಳೇಗಾಡಿ ಮೈಸೂರು

ಟಿಕ್ ಅನ್ನುತ್ತದೆ ಅಂದರೆ ಕರೆಂಟ್ ಬರುತ್ತಿದೆ, ಕೈ ಅಂಟಿಕೊಂಡಿದೆ. ಬೆರಳಿನಿಂದ ಮೆಲ್ಲಗೆ ಹೊರಗೆ ಎತ್ತಿ ಹಿಡಿದು, ತಿರುಗುವ ಪಿನ್ನನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ ಬಿಡಿ. ಗ್ರೀಸ್ ಬೇಡ, ಧೂಳು ಹಿಡಿದು ಮತ್ತೆ ಅಂಟುತ್ತದೆ. ಹಸಿರು ಹೊಡೆಸಿದ ಮೇಲೆ ಒಂದು ಫೋಟೊ ಹಾಕಿ, ಅಜ್ಜಿಯೂ ಅದರಲ್ಲಿರಲಿ.