‘ಫ್ರಾಸ್’ಗೆ ಕನ್ನಡದಲ್ಲಿ ಒಂದೇ ಪದ ಸಾಕೆ? ಹಿಕ್ಕೆ, ಹುಡಿ, ಹೊಟ್ಟು, ಮುಸುಕು

ಗೆಳೆಯರೆ,

ಶ್ರೀಗಂಧ ಬೆಳೆದಿರುವ ರೈತರಿಗಾಗಿ ಮರದ ಹುಳಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಬೆಳೆದವನೇ ಗಂಧದ ಮರದ ಒಡೆಯ ಎಂದಾದ ಮೇಲೆ ಬಯಲುಸೀಮೆಯ ಎಷ್ಟೋ ಹೊಲಗಳಲ್ಲಿ ಗಂಧ ನೆಟ್ಟಿದ್ದಾರೆ. ಕಾಡಿನ ಮರ ಹೊಲಕ್ಕೆ ಬಂದಾಗ ಅದರ ಬೆನ್ನಿಗೆ ಹುಳವೂ ಬಂತು. ಆದರೆ ಆ ಹುಳಗಳ ಬಗ್ಗೆ ಮಾತಾಡುವ ಪದಗಳು ಇನ್ನೂ ಹೊಲದ ತನಕ ಬಂದಿಲ್ಲ. ಕಾಂಡಕೊರಕದ ಅಧ್ಯಾಯದಲ್ಲಿ ‘ಫ್ರಾಸ್’ ಎಂಬ ಒಂದು ಪದದ ಮುಂದೆ ಹದಿನೈದು ದಿನದಿಂದ ನಿಂತಿದ್ದೇನೆ.

ಮರ ಕೊರೆಯುವ ಹುಳ ಒಳಗೆ ತಿಂದು, ಅಗಿದು, ಹೊರಗೆ ತಳ್ಳುವ ಎಲ್ಲದಕ್ಕೂ ಇಂಗ್ಲಿಷಿನವರು ಫ್ರಾಸ್ ಅನ್ನುತ್ತಾರೆ. ಪದ ಜರ್ಮನ್ನಿನದು, ಕಬಳಿಸುವುದು, ಮುಕ್ಕುವುದು ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಹುಳದ ಮಲವೂ ಅದೇ, ಅಗಿದು ಬಿಸಾಡಿದ ಮರದ ಚೂರೂ ಅದೇ, ಎರಡೂ ಬೆರೆತದ್ದೂ ಅದೇ. ಮೊದಲ ಕರಡಿನಲ್ಲಿ ನಾನು ‘ಕೀಟತ್ಯಾಜ್ಯ’ ಎಂದು ಬರೆದೆ. ಓದಿದ ಪಕ್ಕದ ಹೊಲದವರು “ತ್ಯಾಜ್ಯ ಅಂದ್ರೆ ಕಸಾನಾ? ಕಸ ಎಲ್ಲಾ ಮರದ ಬುಡದಾಗೂ ಇರ್ತದಲ್ಲ” ಅಂದರು. ಅವರು ಹೇಳಿದ್ದು ಸರಿ. ಆ ಪದ ಏನನ್ನೂ ತೋರಿಸುವುದಿಲ್ಲ.

ಪದ ತಪ್ಪಿದರೆ ಏನಾಗುತ್ತದೆ ಎಂಬುದು ನನಗೇ ಗೊತ್ತು. ಕೆಲವು ವರ್ಷದ ಹಿಂದೆ ನಮ್ಮ ಮೂರು ವರ್ಷದ ಗಂಧದ ಗಿಡವೊಂದರ ತುದಿ ಬಾಡುತ್ತಿತ್ತು. ಬುಡದಲ್ಲಿ ಏನೋ ಉದುರಿತ್ತು. ಔಷಧದ ಅಂಗಡಿಗೆ ಹೋಗಿ “ಹುಳ ಬಿದ್ದಿದೆ, ಬುಡದಲ್ಲಿ ಪುಡಿ ಬಿದ್ದಿದೆ” ಅಂದೆ. ಗೆದ್ದಲಿರಬೇಕು ಎಂದು ಬುಡಕ್ಕೆ ಸುರಿಯುವ ಔಷಧ ಕೊಟ್ಟರು, ಸುರಿದೆ. ಎರಡು ವಾರ ಕಳೆದ ಮೇಲೆ ಗಾಳಿಗೆ ಗಿಡ ಎದೆಯ ಎತ್ತರದಲ್ಲಿ ಮುರಿದು ಬಿತ್ತು. ಮುರಿದ ಜಾಗದಲ್ಲಿ ಸುರಂಗ, ಅದರೊಳಗೆ ಕೆಂಪು ಬಣ್ಣದ ಹುಳ. ಅದು ಕೆಂಪು ಕಾಂಡಕೊರಕ. ಜ಼್ಯೂಜ಼ೆರಾ ಕಾಫಿಯೆ ಎಂಬ ಪತಂಗದ ಮರಿ. ಕಾಫಿ ಗಿಡಕ್ಕೂ ಅದು ಹಳೆಯ ಶತ್ರು. ಬುಡದಲ್ಲಿ ಬಿದ್ದಿದ್ದದ್ದು ಪುಡಿ ಆಗಿರಲೇ ಇಲ್ಲ. ಬೆರಳಲ್ಲಿ ಉರುಳಿಸಿದರೆ ಉರುಳುವ, ಒಂದೊಂದೂ ಬೇರೆಯಾಗಿ ನಿಲ್ಲುವ ಸಣ್ಣ ಗುಳಿಗೆಗಳವು. ನಾನು ‘ಹಿಕ್ಕೆ’ ಅಂದಿದ್ದರೆ ಕೇಳಿದವರ ಯೋಚನೆ ಗೆದ್ದಲಿನ ಕಡೆ ಹೋಗುತ್ತಿರಲಿಲ್ಲ, ಏಕೆಂದರೆ ಗೆದ್ದಲು ಮರದ ಮೇಲೆ ತರುವುದು ಮಣ್ಣನ್ನು.

ಹಿಕ್ಕೆ ಎಂಬ ಪದ ನಮ್ಮಲ್ಲಿ ಸತ್ತಿಲ್ಲ. ಕುರಿ ಹಿಕ್ಕೆ, ಮೇಕೆ ಹಿಕ್ಕೆ ಎಲ್ಲರಿಗೂ ಗೊತ್ತು. ರೇಷ್ಮೆ ಸಾಕುವವರು ತಟ್ಟೆಯಿಂದ ದಿನಾ ತೆಗೆಯುವುದೂ ಹುಳದ ಹಿಕ್ಕೆಯನ್ನೇ. ಗುಂಡಗೆ, ಗಟ್ಟಿಯಾಗಿ, ಬಿಡಿಬಿಡಿಯಾಗಿ ಬೀಳುವುದು ಎಂಬ ಮೂರು ಅರ್ಥವೂ ಆ ಒಂದು ಪದದಲ್ಲಿದೆ. ತೇಗದ ತೋಪಿಗೆ ಎಲೆತಿನ್ನುವ ಹುಳ ಮುತ್ತಿದಾಗ ಕೆಳಗೆ ಸತತವಾಗಿ ಉದುರುವುದಕ್ಕೂ ಇದೇ ಪದ ಒಪ್ಪುತ್ತದೆ.

ಹಾಗಾದರೆ ಫ್ರಾಸ್ ಎಂದ ಕಡೆಯೆಲ್ಲ ಹಿಕ್ಕೆ ಎಂದು ಬರೆದುಬಿಡಬಹುದೆ? ಬರೆಯಬಾರದು ಅನ್ನುವುದು ನನ್ನ ವಾದ. ಇಂಗ್ಲಿಷ್ ಒಂದೇ ಪದದ ಕೆಳಗೆ ಬಚ್ಚಿಟ್ಟದ್ದನ್ನು ಕನ್ನಡ ಬಿಡಿಸಿ ಹೇಳಬಲ್ಲದು. ಆ ಬಿಡಿಸಿ ಹೇಳುವುದೇ ಹುಳವನ್ನು ಗುರುತಿಸುವ ದಾರಿ.

ಕಡಿದು ತಂದ ಬಿದಿರಿನಿಂದ ಉದುರುವುದನ್ನು ನೋಡಿ. ಅದು ಗೋಧಿಹಿಟ್ಟಿನಷ್ಟು ನಯ. ಬಿದಿರಿನ ಒಳಗಿನ ಪಿಷ್ಟಕ್ಕಾಗಿ ಬರುವ ಪುಟ್ಟ ದುಂಬಿಯ ಕೆಲಸ ಅದು. ನಮ್ಮವರು ‘ಕುಟ್ಟೆ ಹಿಡಿದಿದೆ’ ಅನ್ನುತ್ತಾರೆ. ಇಲ್ಲಿ ‘ಹುಡಿ’ ಸರಿಯಾದ ಪದ. ಮಾವಿನ ಮರಕ್ಕೂ ಬೂರುಗಕ್ಕೂ ಬರುವ ಉದ್ದ ಮೀಸೆಯ ದೊಡ್ಡ ದುಂಬಿಯ ಮರಿ ತಳ್ಳುವುದು ಹುಡಿಯಲ್ಲ, ಹಿಕ್ಕೆಯೂ ಅಲ್ಲ. ಅದು ಒರಟು ನಾರು, ಸಿಬಿರು ಸಿಬಿರು. ಬಡಗಿಯ ಅಂಗಳದಲ್ಲಿ ಬಿದ್ದಿರುವ ಮರದ ಹೊಟ್ಟಿನ ಹಾಗೇ ಇರುತ್ತದೆ. ಅದಕ್ಕೆ ‘ಹೊಟ್ಟು’ ಅಂದರೆ ಯಾರಿಗಾದರೂ ಕಣ್ಣಿಗೆ ಕಟ್ಟುತ್ತದೆ.

ನಾಲ್ಕನೆಯದು ನನ್ನನ್ನು ಬಹಳ ಕಾಡಿದ್ದು. ಗಂಧಕ್ಕೆ ಆಸರೆ ಗಿಡವಾಗಿ, ಅಂದರೆ ಗಂಧದ ಬೇರು ಆಹಾರ ಹೀರಿಕೊಳ್ಳಲೆಂದು, ಪಕ್ಕದಲ್ಲಿ ನೆಡುವ ಸರ್ವೆ ಮರದ (ಕರಾವಳಿಯವರಿಗೆ ಗಾಳಿಮರ) ಕವಲುಗಳ ಹತ್ತಿರ ಕಂದುಬಣ್ಣದ ಪಟ್ಟಿಯೊಂದು ತೊಗಟೆಗೆ ಅಂಟಿಕೊಂಡು ಸೊಟ್ಟಸೊಟ್ಟಗೆ ಹೋಗಿರುತ್ತದೆ. ತೊಗಟೆ ತಿನ್ನುವ ಹುಳ, ಇಂದಾರ್ಬೆಲಾ, ತನ್ನ ಹಿಕ್ಕೆಯನ್ನೂ ತೊಗಟೆಯ ಚೂರನ್ನೂ ರೇಷ್ಮೆ ಎಳೆಯಿಂದ ನೇಯ್ದು ಮಾಡಿಕೊಂಡ ಹೊದಿಕೆ ಅದು. ಹಗಲೆಲ್ಲ ಮರದಲ್ಲಿ ಕೊರೆದ ಗಿಡ್ಡ ಬಿಲದಲ್ಲಿ ಕೂತಿದ್ದು, ರಾತ್ರಿ ಆ ಹೊದಿಕೆಯ ಅಡಿಯಲ್ಲೇ ನಡೆದು ಬಂದು ತೊಗಟೆ ತಿನ್ನುತ್ತದೆ. ಇದನ್ನು ಕೆಲವರು ಜೇಡನ ಬಲೆ ಅಂದುಕೊಂಡು ಬಿಡುತ್ತಾರೆ, ಕೆಲವರು ಗೆದ್ದಲಿನ ಮಣ್ಣು ಅಂದುಕೊಂಡು ಬುಡಕ್ಕೆ ಔಷಧ ಸುರಿಯುತ್ತಾರೆ. ನಾನು ಇದಕ್ಕೆ ‘ಮುಸುಕು’ ಎಂದು ಬರೆದಿದ್ದೇನೆ. ಮುಸುಕಿನೊಳಗಿನ ಗುದ್ದು ಎಂಬ ಮಾತು ಇದ್ದೇ ಇದೆ, ಈ ಹುಳ ಮಾಡುವುದೂ ಅದನ್ನೇ. ಮುಸುಕು ಅಂದ ಕೂಡಲೇ ಮಾಡಬೇಕಾದ ಕೆಲಸವೂ ಹೊಳೆಯುತ್ತದೆ. ಮೊದಲು ಮುಸುಕು ಕಿತ್ತು ತೆಗೆಯಬೇಕು, ಆಗ ಬಿಲದ ಬಾಯಿ ಕಾಣುತ್ತದೆ. ಅದರೊಳಗೆ ತಂತಿ ಹಾಕಿ ಹುಳವನ್ನು ಎಳೆಯಬೇಕು, ಇಲ್ಲವೆ ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ ಹಸಿಮಣ್ಣಿನಿಂದ ಬಾಯಿ ಮುಚ್ಚಬೇಕು. ಕೆಂಪು ಕೊರಕಕ್ಕೂ ಇದೇ ಕ್ರಮ. ಬಾಡಿದ ರೆಂಬೆಯನ್ನು ಮಾತ್ರ ಕತ್ತರಿಸಿ ಸುಟ್ಟುಬಿಡಬೇಕು.

ಊರಿನ ಪದ ಶಾಸ್ತ್ರಕ್ಕೆ ಒಗ್ಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಕೊಳೆರೋಗ. 1876ರಲ್ಲಿ ಎಂ. ಸಿ. ಕುಕ್ ಎಂಬ ಶಿಲೀಂಧ್ರತಜ್ಞರು ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯಾ ಕೊಲೆರೋಗ ಎಂದು ನಮ್ಮ ಪದವನ್ನೇ ಎತ್ತಿ ಹೆಸರಿಟ್ಟರು. 1958ರಲ್ಲಿ ಡಾಂಕ್ ಎಂಬ ವಿಜ್ಞಾನಿ ಅದನ್ನೇ ಕುಲದ ಹೆಸರನ್ನಾಗಿ ಮಾಡಿ ಕೊಲೆರೋಗ ನಾಕ್ಸಿಯಾ ಎಂದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ರೋಗದ ಬಗ್ಗೆ ಬರೆದಾಗಲೂ ತಲೆಬರಹದಲ್ಲಿ ಇದ್ದದ್ದು ಕೊಳೆರೋಗವೇ. ಒಂದು ಎಚ್ಚರವನ್ನೂ ಹೇಳಬೇಕು. ಕಾಫಿಯ ಕೊಳೆಗೂ ಅಡಿಕೆಯ ಕೊಳೆಗೂ ಕಾರಣ ಬೇರೆ ಬೇರೆ ಜೀವಿಗಳು. ಊರಿನ ಪದ ಕಂಡದ್ದನ್ನು ಹೇಳುತ್ತದೆ, ಕಾರಣವನ್ನು ಹೇಳುವ ಹೊಣೆ ಅದು ಹೊತ್ತಿಲ್ಲ. ಅಲ್ಲಿ ಎರಡಕ್ಕೂ ಮೈಲುತುತ್ತ ಸುಣ್ಣದ ದ್ರಾವಣವೇ ಮದ್ದಾದ್ದರಿಂದ ತೊಂದರೆಯಾಗಲಿಲ್ಲ. ಗೆದ್ದಲು, ಕೊರಕಗಳ ವಿಷಯದಲ್ಲಿ ಹಾಗಲ್ಲ. ಅದಕ್ಕೇ ಕಂಡದ್ದನ್ನಾದರೂ ನಿಖರವಾಗಿ ಹೇಳುವ ಪದಗಳನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಈಗ ನಿಮ್ಮಿಂದ ಬೇಕಾದ ಸಹಾಯ. ‘ಹುಡಿ’ ಎಂದರೆ ಬಯಲುಸೀಮೆಯ ಕೆಲವರಿಗೆ ಕರಾವಳಿಯ ಮಾತಿನಂತೆ ಕೇಳಬಹುದು, ‘ಪುಡಿ’ ಅಂದರೆ ಮತ್ತೆ ಎಲ್ಲದಕ್ಕೂ ಸಲ್ಲುವ ಪದವಾಗಿಬಿಡುತ್ತದೆ. ಕುಟ್ಟೆಯದಕ್ಕೆ ‘ಹಿಟ್ಟು’ ಎಂದರೆ ಹೇಗೆ? ನಿಮ್ಮ ಕಡೆ ಕುಟ್ಟೆ ಹಿಟ್ಟು ಎಂಬ ಬಳಕೆ ಇದೆಯೆ? ಮುಸುಕಿಗೆ ಬೇರೆ ಹೆಸರು ಯಾರಾದರೂ ಕೇಳಿದ್ದರೆ, ಯಾವ ಊರಿನಲ್ಲಿ ಎಂಬುದನ್ನೂ ಸೇರಿಸಿ ತಿಳಿಸಿ.

ಇನ್ನೊಂದು ಪ್ರಶ್ನೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದವರಿಗೆ. ಕಾಫಿಯ ಬಿಳಿ ಕಾಂಡಕೊರಕ ಹೊರಗೆ ಏನನ್ನೂ ತಳ್ಳುವುದಿಲ್ಲ, ಕೊರೆದದ್ದನ್ನೆಲ್ಲ ತನ್ನ ಹಿಂದೆಯೇ ಸುರಂಗದಲ್ಲಿ ಗಿಡಿದು ತುಂಬುತ್ತದೆ. ಹಾಗಾಗಿ ಬುಡದಲ್ಲಿ ಗುರುತೇ ಸಿಗುವುದಿಲ್ಲ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರಿನಲ್ಲಿ ದುಂಬಿ ಹಾರುವ ಮೊದಲು ಆಳುಗಳು ಸಾಲು ಹಿಡಿದು, ಕಾಂಡದ ಮೇಲೆ ಎದ್ದಿರುವ ಏಣುಗಳನ್ನು ಕಣ್ಣು, ಕೈಗಳಿಂದಲೇ ಗುರುತಿಸಿ, ಹಿಡಿದ ಗಿಡ ಕಿತ್ತು ಸುಡುತ್ತಾರೆ. ತೋಟಗಳಲ್ಲಿ ಇದನ್ನು ‘ಬೋರರ್ ನೋಡೋದು’ ಅನ್ನುವುದನ್ನು ಕೇಳಿದ್ದೇನೆ. ಆ ಏಣುಗಳಿಗೂ ಒಳಗೆ ಗಿಡಿದ ಪುಡಿಗೂ ಆಳುಗಳ ಬಾಯಲ್ಲಿ ಯಾವ ಹೆಸರಿದೆ? ಬುಡದಲ್ಲಿ ಏನೂ ಬೀಳದಿದ್ದರೂ ಹುಳ ಇರಬಹುದು ಎಂಬುದನ್ನು ಗಂಧದವರಿಗೆ ತಿಳಿಸಲು ನನಗೆ ಆ ಪದ ಬೇಕಾಗಿದೆ.