ಗಾಂಜಾ ಲೀಗಲ್ ಮಾಡಿದ್ರೆ ಎಂತ ಆಗ್ತದೆ?

ಕುಂಬಳೆಕಾರ: ಮೊನ್ನೆ ಮಂಗಳೂರಿಂದ ಬರುವಾಗ ತಲಪಾಡಿ ಗಡಿ ದಾಟಿದ ಮೇಲೆ ಬಸ್ ನಿಲ್ಸಿ ಬ್ಯಾಗೆಲ್ಲ ತಡಕಿದ್ರು, ನನ್ನ ಚೀಲದಲ್ಲಿ ಇದ್ದದ್ದು ಅಮ್ಮನ ಬಿಪಿ ಮಾತ್ರೆ ಮತ್ತೆ ಹಲಸಿನ ಹಪ್ಪಳ. ಇಷ್ಟೆಲ್ಲ ಹುಡುಕಿಯೂ ಮಾಲು ಬರ್ತಾನೇ ಉಂಟಲ್ಲ, ಹಾಗಿದ್ರೆ ಲೀಗಲ್ ಮಾಡಿ ಟ್ಯಾಕ್ಸ್ ಹಾಕಿದ್ರೆ ಆಗ್ಲಿಕ್ಕಿಲ್ವಾ?

ಅಡಿಕೆತೋಟ: ಕೆನಡಾ 2018ರಲ್ಲಿ ಮಾಡಿತು, ಉರುಗ್ವೆ ಅದಕ್ಕೂ ಮೊದ್ಲು 2013ರಲ್ಲಿ. ಆದ್ರೆ ಎಲ್ರೂ ಪೋರ್ಚುಗಲ್ ಪೋರ್ಚುಗಲ್ ಅಂತಾರಲ್ಲ, ಅಲ್ಲಿ 2001ರಿಂದ ಇರೋದು ಲೀಗಲ್ ಅಲ್ಲ ಮಾರಾಯ್ರೆ, ಸ್ವಂತಕ್ಕೆ ಸ್ವಲ್ಪ ಇಟ್ಕೊಂಡ್ರೆ ಕ್ರಿಮಿನಲ್ ಕೇಸಿಲ್ಲ ಅಷ್ಟೆ, ಮಾರಿದ್ರೆ ಈಗ್ಲೂ ಜೈಲೇ.

ಬದಿಯಡ್ಕ ವಕೀಲ: ನಮ್ಮ 1985ರ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತು ಕಾನೂನಲ್ಲೇ ಗಾಂಜಾ ಅಂದ್ರೆ ಹೂವಿನ ತೆನೆ, ಬರೀ ಎಲೆ ಅದ್ರಲ್ಲಿ ಬರೋದಿಲ್ಲ, ಅದಕ್ಕೇ ಉತ್ತರದಲ್ಲಿ ಭಂಗಿ ಅಂಗಡಿ ಇರೋದು. ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ, ಎಂಡಿಎಂಎ ಅಂತ ಕೆಮಿಕಲ್ ಡ್ರಗ್ ಉಂಟಲ್ಲ, ಅದಾದ್ರೆ ಬರೀ ಅರ್ಧ ಗ್ರಾಂ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ವಾದ ಮಾಡ್ಬೇಡಿ.

ಮೀನುಸಾರು: ವಾದ ಇರ್ಲಿ. ನನ್ನ ಚಿಕ್ಕಮ್ಮನ ಮಗ ಆ ಅರ್ಧ ಗ್ರಾಮಿಗೆ ಕಪಾಟಿನ ಸ್ಕ್ರೂ ಬಿಚ್ಚಿ ಅಜ್ಜಿಯ ಬಳೆ ಮಾರಿದ. ಪೊಲೀಸ್ ಅಂದ್ರೆ ಹೆದರಿ ಎರಡು ವರ್ಷ ಯಾರೂ ಬಾಯಿ ಬಿಡ್ಲಿಲ್ಲ.

ಬದಿಯಡ್ಕ ವಕೀಲ: ಅಯ್ಯೋ. ಸಣ್ಣ ಪ್ರಮಾಣದ ಕೇಸಲ್ಲಿ ತಾನಾಗಿ ಚಿಕಿತ್ಸೆಗೆ ಹೋದ್ರೆ 64ಎ ಸೆಕ್ಷನ್‌ನಲ್ಲಿ ರಕ್ಷಣೆ ಉಂಟು, ಜನಕ್ಕೆ ಗೊತ್ತೇ ಇಲ್ಲ.

ಕುಂಬಳೆಕಾರ: ನಂಗೂ ಗೊತ್ತಿರ್ಲಿಲ್ಲ. ಅವ ಈಗ ಹೇಗಿದ್ದಾನೆ?

ಮೀನುಸಾರು: ಪೈಂಟಿಂಗ್ ಕೆಲಸಕ್ಕೆ ಹೋಗ್ತಾನೆ. ಕಪಾಟಿಗೆ ಮಾತ್ರ ಹೊಸ ಬೀಗ.